ದಾರಿ ತೋರಿಸುವ ದಯೆ ಸಾಕು

ಕಷ್ಟವೆಂದರೆ ಮನುಷ್ಯನಿಗೆ ಆಗದು. ಆದರೆ ತಾನೇ ಆರಿಸಿಕೊಂಡ ಕಷ್ಟವನ್ನು ಯಾರಾದರೂ ಕಸಿಯಬಂದರೆ ಅವನು ಸುಮ್ಮನಿರಲಾರ. ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆಯ ಮುಂದೆ ಕುಳಿತ ಅಜ್ಜಿಯೊಬ್ಬರಿಗೆ, “ಲೆಕ್ಕವನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ, ನೀವು ಕಾಯಿ ಹಾಕುತ್ತ ಹೋಗಿ” ಎಂದು ಹೇಳಿನೋಡಿ. 14 ಗುಳಿಗಳಲ್ಲಿ ನಾಲ್ಕು ನಾಲ್ಕರಂತೆ ತುಂಬಿದ 56 ಕಾಯಿಗಳೂ ನಿಮ್ಮ ತಲೆಯ ಮೇಲೆ ಬಿದ್ದಾವು! ಲೆಕ್ಕವೇ ಆ ಆಟ; ಅದನ್ನು ತೆಗೆದುಬಿಟ್ಟರೆ ಉಳಿಯುವುದು ಮರದ ತುಂಡು. ನಮ್ಮ ಅಜ್ಜಿಯಂದಿರಿಗೆ ತಿಳಿದಿದ್ದ ಈ ಸಣ್ಣ ಸಂಗತಿ ಇಂದಿನ ವಿಡಿಯೊ ಆಟಗಳನ್ನು ತಯಾರಿಸುವವರಿಗೂ, ಅವುಗಳನ್ನು ಆಡುವವರಲ್ಲಿ ಅನೇಕರಿಗೂ, ಆಡಕೂಡದೆಂದು ಗದರಿಸುವ ಹಿರಿಯರಿಗೂ ಮರೆತುಹೋಗಿದೆ ಎಂಬುದೇ ನನ್ನ ದೂರು.

ಎಲ್ಲ ವಿಡಿಯೊ ಆಟಗಳ ಪರವಾಗಿಯೂ ನಾನು ವಕಾಲತ್ತು ವಹಿಸಹೊರಟಿಲ್ಲ. ಗುಂಡು ಹಾರಿಸುವ, ಕಾರು ಓಡಿಸುವ ಆಟಗಳ ಗುಣದೋಷಗಳನ್ನು ಬಲ್ಲವರು ಬೇರೆ ಇದ್ದಾರೆ. 1980ರ ದಶಕದಲ್ಲಿ ಮೈದುಂಬಿ ಬೆಳೆದ ರೋಲ್ ಪ್ಲೇಯಿಂಗ್ ಆಟಗಳೆಂಬ ಒಂದು ಜಾತಿಯಿದೆ. ಅವುಗಳಲ್ಲಿ ಆಡುವವನು ನಾಲ್ಕಾರು ಮಂದಿ ವೀರರು, ಮಂತ್ರವಾದಿಗಳು, ಪೂಜಾರಿಗಳು—ಹೀಗೊಂದು ತಂಡವನ್ನು ಕಟ್ಟಿಕೊಂಡು ‘ಡಂಜನ್’ ಹೊಗುತ್ತಾನೆ. ನಿಘಂಟಿನ ಪ್ರಕಾರ ಡಂಜನ್ ಎಂದರೆ ನೆಲದಡಿಯ ಸೆರೆಮನೆ. ಆಟಗಾರರ ಮಾತಿನಲ್ಲಿ ಗುಹೆ, ಸುರಂಗ, ಪಾಳುಕೋಟೆ, ಗೋಪುರ, ದಾರಿ ತಪ್ಪಿಸುವಂಥದು ಯಾವುದಿದ್ದರೂ ಅದು ಡಂಜನ್ನೇ. ನಾವು ಅದನ್ನು ನೆಲಮಾಳಿಗೆ ಎನ್ನೋಣ. ಹಳೆಯ ಯಂತ್ರಗಳನ್ನು ಅನುಕರಿಸುವ ತಂತ್ರಾಂಶಗಳು ಈಗ ಫೋನಿಗೇ ಬಂದಿರುವುದರಿಂದ, ಬಂಟ್ವಾಳದಿಂದಲೋ ಬೆಳ್ತಂಗಡಿಯಿಂದಲೋ ಮೂಡಬಿದಿರೆಗೆ ಓದಲು ಬರುವ ಹುಡುಗನೊಬ್ಬ ತಾನು ಹುಟ್ಟುವುದಕ್ಕೆ ಮೊದಲೇ ಹುಟ್ಟಿದ ಈ ನೆಲಮಾಳಿಗೆಗಳನ್ನು ಬಸ್ಸಿನಲ್ಲಿ ಕುಳಿತೇ ಹೊಕ್ಕು ಬರಬಲ್ಲ.

ಈ ಜಾತಿಯ ಮೂಲಪುರುಷರಲ್ಲಿ ಒಂದು ‘ವಿಝರ್ಡ್ರಿ’. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಆಂಡ್ರೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಎಂಬಿಬ್ಬರು ರಚಿಸಿದ ಈ ಆಟ 1981ರಲ್ಲಿ ಆಪಲ್ 2 ಗಣಕಕ್ಕಾಗಿ ಹೊರಬಂತು. ಅದರಲ್ಲಿ 10 ಅಂತಸ್ತುಗಳು. ಒಂದೊಂದು ಅಂತಸ್ತೂ 20 ಮನೆ ಉದ್ದ, 20 ಮನೆ ಅಗಲ. ಒಟ್ಟು 4,000 ಮನೆಗಳು. ತೆರೆಯ ಮೇಲೆ ಕಾಣುವುದು ಬರಿಯ ಗೆರೆಗಳಲ್ಲಿ ಬರೆದ ಗೋಡೆ, ಅದೂ ಕೆಲವೇ ಹೆಜ್ಜೆಗಳಷ್ಟು ದೂರ. ನಕ್ಷೆಯೆಂಬುದಿಲ್ಲ. ಗ್ರಾಫ್ ಕಾಗದ, ಪೆನ್ಸಿಲು, ರಬ್ಬರು ಹಿಡಿದುಕೊಂಡು ಆಡುವವನೇ ಮನೆಮನೆಗೂ ಗೆರೆ ಎಳೆಯಬೇಕು. ಒಂದು ಮನೆಯಲ್ಲಿ ಕಾಲಿಟ್ಟೊಡನೆ ನಿಮಗೆ ಅರಿವಾಗದಂತೆ ನಿಮ್ಮ ಮುಖ ಬೇರೆ ದಿಕ್ಕಿಗೆ ತಿರುಗಿರುತ್ತದೆ, ಇನ್ನೊಂದರಲ್ಲಿ ಕಗ್ಗತ್ತಲೆ, ಮತ್ತೊಂದು ನಿಮ್ಮನ್ನೆತ್ತಿ ಬೇರೆಲ್ಲಿಗೋ ಒಗೆಯುತ್ತದೆ. ತಂಡವೆಲ್ಲ ಒಳಗೇ ಸತ್ತರೆ ಹೆಣಗಳು ಅಲ್ಲಿಯೇ ಬಿದ್ದಿರುತ್ತವೆ. ಹೊಸ ತಂಡ ಹೋಗಿ ಹೊತ್ತು ತರಬೇಕು. ಗುಡಿಯಲ್ಲಿ ಹಣ ತೆತ್ತು ಬದುಕಿಸಲು ಯತ್ನಿಸಿದಾಗ ಅದು ಕೈಗೂಡದಿದ್ದರೆ ಹೆಣ ಬೂದಿಯಾಗುತ್ತದೆ. ಬೂದಿಯ ಮೇಲಿನ ಯತ್ನವೂ ಕೈಗೂಡದಿದ್ದರೆ ಆ ವೀರ ಎಂದೆಂದಿಗೂ ಇಲ್ಲವಾಗುತ್ತಾನೆ.

“ಇದರಲ್ಲಿ ಸುಖವೆಲ್ಲಿದೆ, ಸ್ವಾಮಿ?” ಎಂದು ನೀವು ಕೇಳುವುದು ನ್ಯಾಯವೇ. ಸಿಟ್ಟು ಬರುವುದಿಲ್ಲವೆಂದು ನಾನು ಹೇಳಲಾರೆ. ಎರಡು ಸಂಜೆಗಳ ದುಡಿಮೆ ಒಂದು ತಪ್ಪು ಹೆಜ್ಜೆಯಿಂದ ಬೂದಿಯಾದಾಗ ಪೆನ್ಸಿಲು ಗೋಡೆಗೆ ಬಡಿಯುತ್ತದೆ, ಊಟ ಸೇರುವುದಿಲ್ಲ, ಮನೆಯವರ ಒಳ್ಳೆಯ ಮಾತೂ ಕಿವಿಗೆ ಕಹಿಯಾಗುತ್ತದೆ. ಆದರೆ ಮರುದಿನ ಅದೇ ಗ್ರಾಫ್ ಕಾಗದವನ್ನು ಬಿಡಿಸಿ ನೋಡುತ್ತೇನೆ. ನಾನು ಬರೆದ ಗೆರೆಗಳು ಒಂದಕ್ಕೊಂದು ಕೂಡುತ್ತಿಲ್ಲ. ಪೂರ್ವಕ್ಕೆ ಹೋದ ಓಣಿ ಗೋಡೆಯೊಳಗೆ ನುಗ್ಗಿದೆ. ಹಾಗಾದರೆ ಎಲ್ಲಿಯೋ ನನ್ನ ಮುಖ ತಿರುಗಿರಬೇಕು. ಎಲ್ಲಿ? ‘ಡುಮಾಪಿಕ್’ ಎಂಬ ಮಂತ್ರವೊಂದಿದೆ; ನೀವು ಏಣಿಯಿಂದ ಎಷ್ಟು ದೂರ, ಯಾವ ದಿಕ್ಕಿಗೆ ಇದ್ದೀರೆಂದು ಅದು ಹೇಳುತ್ತದೆ, ಅಷ್ಟೆ. ಅದನ್ನು ಪ್ರಯೋಗಿಸಿ, ಲೆಕ್ಕ ಹಾಕಿ, ಮೋಸದ ಮನೆಯನ್ನು ಕಂಡುಹಿಡಿಯುತ್ತೇನೆ. ಗೆರೆಗಳು ಕೂಡಿಬರುತ್ತವೆ. ಆಗ ನಕ್ಷೆಯ ನಡುವೆ ನಾಲ್ಕು ಮನೆಗಳಷ್ಟು ಜಾಗ ಖಾಲಿಯಾಗಿ ಉಳಿದಿರುವುದು ಕಾಣುತ್ತದೆ. ಅಲ್ಲೊಂದು ಗುಪ್ತದ್ವಾರ ಇರಲೇಬೇಕೆಂದು ಯಾರೂ ಹೇಳಿಲ್ಲ. ಕಾಗದ ಹೇಳುತ್ತಿದೆ, ಆ ಕಾಗದವೋ ನನ್ನದು. ಹೋಗಿ ದೀಪದ ಮಂತ್ರ ಹಾಕಿದರೆ ಗೋಡೆಯಲ್ಲಿ ಬಾಗಿಲು ಮೂಡುತ್ತದೆ. ಆ ಕ್ಷಣದ ಸಂತೋಷಕ್ಕೆ ಹಿಂದಿನ ರಾತ್ರಿಯ ಸಿಟ್ಟೇ ಬಂಡವಾಳ. ಬಂಡವಾಳ ಹೂಡದೆ ಲಾಭ ಕೇಳುವುದು ವ್ಯಾಪಾರದಲ್ಲಿಯೂ ಇಲ್ಲ, ವಿದ್ಯೆಯಲ್ಲಿಯೂ ಇಲ್ಲ.

ಈಗಿನ ಸುಧಾರಕರು ಈ ಬಂಡವಾಳವನ್ನೇ ರದ್ದು ಮಾಡಹೊರಟಿದ್ದಾರೆ. ಇಂದಿನ ಅನೇಕ ಆಟಗಳಲ್ಲಿ ಹೋಗಬೇಕಾದ ಕಡೆಗೆ ಬಾಣದ ಗುರುತು; ಬಾಗಿಲ ಮೇಲೆ ಹೊಳೆಯುವ ಚುಕ್ಕೆ; ಮೂಲೆಯಲ್ಲಿ ತನ್ನಷ್ಟಕ್ಕೆ ಮೂಡುವ ನಕ್ಷೆ. ಆಡುವವನು ನೆಲಮಾಳಿಗೆಯನ್ನು ನೋಡುವುದೇ ಇಲ್ಲ, ಬಾಣವನ್ನು ನೋಡಿ ನಡೆಯುತ್ತಾನೆ. ವಿಝರ್ಡ್ರಿಯೇ 2024ರಲ್ಲಿ ಹೊಸ ಚಿತ್ರಗಳೊಡನೆ ಮರುಹುಟ್ಟು ಪಡೆದಾಗ ತಾನಾಗಿ ಬರೆದುಕೊಳ್ಳುವ ನಕ್ಷೆಯೂ ಜೊತೆಗೆ ಬಂತು. ಈ ಕರುಣೆ ಹೊಸದೂ ಅಲ್ಲ. 1989ರಲ್ಲಿ ಬಂದ ಜಪಾನಿನ ‘ಫ್ಯಾಂಟಸಿ ಸ್ಟಾರ್ 2’ ತನ್ನ ಕಠಿಣವಾದ ನೆಲಮಾಳಿಗೆಗಳಿಗೆ ಹೆಸರಾದದ್ದು. ಅಮೆರಿಕದಲ್ಲಿ ಅದನ್ನು ಮಾರುವಾಗ ನಕ್ಷೆಗಳಿರುವ ಸುಳಿವಿನ ಪುಸ್ತಕವನ್ನು ಪೆಟ್ಟಿಗೆಯಲ್ಲಿಯೇ ಇಟ್ಟು ಕೊಟ್ಟರು. ಪಠ್ಯಪುಸ್ತಕದ ಜೊತೆಗೆ ಗೈಡನ್ನೂ ಒಂದೇ ಕಟ್ಟಿನಲ್ಲಿ ಮಾರಿದಂತೆ! ಇದಕ್ಕೆ ಪ್ರತಿಯಾಗಿ, 2007ರಲ್ಲಿ ಅಟ್ಲಸ್ ಕಂಪೆನಿ ಹೊರತಂದ ‘ಎಟ್ರಿಯನ್ ಒಡಿಸ್ಸಿ’ಯನ್ನು ನೋಡಿ. ನಿಂಟೆಂಡೊ ಡಿಎಸ್ ಯಂತ್ರದ ಎರಡು ತೆರೆಗಳಲ್ಲಿ ಕೆಳಗಿನದನ್ನು ಗ್ರಾಫ್ ಕಾಗದವನ್ನಾಗಿ ಮಾಡಿ, ಕಡ್ಡಿಯನ್ನು ಕೈಗೆ ಕೊಟ್ಟು, ‘ಗೋಡೆಗಳನ್ನು ನೀನೇ ಬರೆದುಕೋ’ ಎಂದಿತು. ಅದನ್ನು ಮೆಚ್ಚಿ ಆಡಿದವರಿದ್ದುದರಿಂದಲೇ ಅದಕ್ಕೆ ಮುಂದಿನ ಭಾಗಗಳೂ ಬಂದವು. ಜನಕ್ಕೆ ತಾಳ್ಮೆಯಿಲ್ಲವೆಂಬುದು ಮಾರುವವರ ಊಹೆ, ಆಡುವವರ ಸಾಕ್ಷ್ಯವಲ್ಲ.

ಹಾಗೆಂದು ಕಷ್ಟವೆಲ್ಲವೂ ಪೂಜ್ಯವೆನ್ನುವ ಪಂಥಕ್ಕೂ ನಾನು ಸೇರಿದವನಲ್ಲ. ಯಕ್ಷಗಾನ ತಾಳಮದ್ದಳೆಗಳನ್ನು ಕೇಳಿ ಬೆಳೆದ ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಸುಲಭ. ಅಭಿಮನ್ಯುವಿಗೆ ಗೊತ್ತಿದ್ದುದು ಅರ್ಧ ನಕ್ಷೆ: ಚಕ್ರವ್ಯೂಹವನ್ನು ಹೊಗುವ ದಾರಿ ಮಾತ್ರ. ಗೊತ್ತಿದ್ದೂ ಹೊಕ್ಕ, ಅದು ವೀರನ ಆಯ್ಕೆ. ಅವನು ಸತ್ತದ್ದು ವ್ಯೂಹದ ಕಷ್ಟದಿಂದಲ್ಲ. ಒಬ್ಬನೊಡನೆ ಒಬ್ಬ ಹೋರಬೇಕೆಂಬ ಕಟ್ಟಳೆಯನ್ನು ಮುರಿದು ಮಹಾರಥರೆಲ್ಲ ಒಟ್ಟಾಗಿ ಮೇಲೆ ಬಿದ್ದುದರಿಂದ ಸತ್ತ. ಆದ್ದರಿಂದಲೇ ಆ ಪ್ರಸಂಗವನ್ನು ನೋಡುವ ನಾವು ವ್ಯೂಹಕ್ಕೆ ಬೆರಗಾಗುತ್ತೇವೆ, ಮಹಾರಥರಿಗೆ ಶಾಪ ಹಾಕುತ್ತೇವೆ. ಕಷ್ಟ ಬೇರೆ, ಅಧರ್ಮ ಬೇರೆ. ನೆಲಮಾಳಿಗೆಯನ್ನು ಕಟ್ಟಿದವನು ತಾನು ಹಾಕಿದ ನಿಯಮಕ್ಕೆ ತಾನೂ ಬದ್ಧನಾಗಿದ್ದರೆ, ಸೋತವನಿಗೆ ತಾನು ಏಕೆ ಸೋತೆನೆಂದು ತಿಳಿಯಲು ಅವಕಾಶವಿದ್ದರೆ, ಅದು ಎಷ್ಟು ಕಷ್ಟವಾಗಿದ್ದರೂ ನ್ಯಾಯವಾದ ಕಷ್ಟ.

ಅನ್ಯಾಯದ ಕಷ್ಟಕ್ಕೂ ಹಳೆಯ ಆಟಗಳಲ್ಲಿ ಕೊರತೆಯಿಲ್ಲ. 1987ರಲ್ಲಿ ಜಪಾನಿನಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್ 2’ರ ಕೊನೆಯ ಭಾಗದಲ್ಲಿ ರೋನ್ ಎಂಬ ಸೀಮೆಗೆ ಹೋಗುವ ಗುಹೆಯೊಂದಿದೆ. ಕಣ್ಣಿಗೆ ಕಾಣದ ಗುಂಡಿಗಳು, ಸುತ್ತಿ ಸುತ್ತಿ ಮೊದಲಿದ್ದಲ್ಲಿಗೇ ತಂದುಬಿಡುವ ಓಣಿಗಳು. ಇದನ್ನು ನಾನು ಕ್ಷಮಿಸಬಲ್ಲೆ: ಗುಂಡಿ ನಿನ್ನೆ ಇದ್ದಲ್ಲಿಯೇ ಇಂದೂ ಇರುತ್ತದೆ, ಬರೆದಿಟ್ಟುಕೊಳ್ಳಬಹುದು. ಆದರೆ ಆ ಆಟದ ಜಪಾನೀ ಆವೃತ್ತಿಯಲ್ಲಿ ಆಡಿದ್ದನ್ನು ಉಳಿಸಿಕೊಳ್ಳಬೇಕಾದರೆ 52 ಅಕ್ಷರಗಳವರೆಗಿನ ಸಂಕೇತವೊಂದನ್ನು ಕೈಯಿಂದ ನಕಲು ಮಾಡಿಕೊಳ್ಳಬೇಕಾಗಿತ್ತು. ಒಂದಕ್ಷರ ತಪ್ಪಿದರೂ ಆ ಸಂಕೇತ ನಿಷ್ಪ್ರಯೋಜಕ. ತಾಳೆಗರಿಯ ಲಿಪಿಕಾರನಿಗೂ ಇಷ್ಟು ಕಠಿಣ ಶಿಕ್ಷೆಯಿರಲಿಲ್ಲ; ಅವನ ಸ್ಖಾಲಿತ್ಯವನ್ನು ಓದುಗ ತಿದ್ದಿಕೊಳ್ಳಬಹುದಾಗಿತ್ತು. ಇಂಥ ಕಷ್ಟ ಬುದ್ಧಿಯನ್ನು ಪರೀಕ್ಷಿಸುವುದಿಲ್ಲ, ಮನುಷ್ಯನನ್ನು ದಂಡಿಸುತ್ತದೆ. ಇದು ಹೋಯಿತೆಂದು ನಾನು ಕಣ್ಣೀರು ಹಾಕುವವನಲ್ಲ. ಸುಧಾರಕರ ತಪ್ಪೆಂದರೆ ಸ್ನಾನದ ಕೊಳೆನೀರಿನ ಜೊತೆಗೆ ಹಂಡೆಯನ್ನೂ ಎಸೆದದ್ದು.

“ದುಡಿಯುವವರಿಗೆ ಸಮಯವೆಲ್ಲಿದೆ?” ಎಂಬುದು ಇನ್ನೊಂದು ಆಕ್ಷೇಪ. ಇದು ತೂಕವುಳ್ಳ ಮಾತು. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುವ ವಿದ್ಯಾರ್ಥಿಗೂ, ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚುವ ಗೃಹಸ್ಥನಿಗೂ ಗುಹೆಯ ಕೊನೆಯನ್ನು ನೋಡುವ ಆಸೆಯಿರಬಾರದೆ? ಕಣ್ಣು ಮಂಜಾದವರಿಗೆ, ಬೆರಳು ಸಾಗದವರಿಗೆ ಅನುಕೂಲ ಮಾಡಿಕೊಡುವುದು ಧರ್ಮವೇ. ಅದರ ಬಗ್ಗೆ ಜಗಳವಿಲ್ಲ. ಆದರೆ ಸಮಯವಿಲ್ಲದವನಿಗೆ ಚಿಕ್ಕದಾದ ಒಳ್ಳೆಯ ಆಟವನ್ನು ಕೊಡಬೇಕೇ ಹೊರತು ದೊಡ್ಡ ಆಟದ ಎಲುಬು ಮುರಿದು ಕೊಡಬಾರದು. ಹಳೆಯ ಆಟಗಳನ್ನು ಫೋನಿನಲ್ಲಿ ಆಡುವವರು ಹೆಜ್ಜೆಗೊಮ್ಮೆ ‘ಸೇವ್’ ಮಾಡಿ, ಸೋತಾಗಲೆಲ್ಲ ಹಿಂದಕ್ಕೆ ಸರಿದು, ಒಂದೇ ವಾರದಲ್ಲಿ ಹತ್ತು ಅಂತಸ್ತನ್ನೂ ಮುಗಿಸಿದೆವೆಂದು ಬೀಗುವುದನ್ನು ಕಂಡಿದ್ದೇನೆ. ಅವರು ನೆಲಮಾಳಿಗೆಯನ್ನು ಗೆದ್ದಿಲ್ಲ, ದಾಟಿದ್ದಾರೆ. ಬೆಳ್ತಂಗಡಿಯ ಬಳಿ 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿದ ಗಡಾಯಿಕಲ್ಲನ್ನು ಏದುಸಿರು ಬಿಡುತ್ತ, ಕಡಿದಾದ ಮೆಟ್ಟಿಲುಗಳಲ್ಲಿ ಹತ್ತಿದವನೂ, ಅದರ ಚಿತ್ರವನ್ನು ಗೋಡೆಗೆ ತೂಗಿಹಾಕಿದವನೂ ಒಂದೇ ಎನ್ನುವಿರಾ?

ಸಾಹಿತ್ಯದವರೊಬ್ಬರು ನನ್ನನ್ನು ಹೀಗೆ ಕೆಣಕಿದರು: “ಮೂಡಬಿದಿರೆಯ ರತ್ನಾಕರವರ್ಣಿ ಎಲ್ಲರಿಗೂ ತಿಳಿಯುವಂತೆ ಸಾಂಗತ್ಯದಲ್ಲಿ ಸುಲಭವಾಗಿ ಬರೆದನಲ್ಲ, ಅವನ ಊರಿನಲ್ಲಿಯೇ ನಿಂತು ಕಷ್ಟವನ್ನು ಹೊಗಳುತ್ತೀರಾ?” ರತ್ನಾಕರ ಸುಲಭ ಮಾಡಿದ್ದು ಬಾಗಿಲನ್ನು, ಮನೆಯನ್ನಲ್ಲ. ‘ಭರತೇಶ ವೈಭವ’ದ 80 ಸಂಧಿಗಳಲ್ಲಿ ಹಬ್ಬಿರುವ ಸುಮಾರು 10,000 ಪದ್ಯಗಳನ್ನು ಬಾಣದ ಗುರುತು ನೋಡಿ ದಾಟಿದವನಿಗೆ, ಭೋಗದ ನಡುವೆ ಯೋಗಿಯಾಗಿರುವ ಆ ದೊರೆ ಸಿಕ್ಕುವುದಿಲ್ಲ. ಇನ್ನು ಅಲ್ಲಮನ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು—ಅವು ಗುಪ್ತದ್ವಾರವಿಟ್ಟೇ ಕಟ್ಟಿದ ಮನೆಗಳಲ್ಲವೆ?

ನನ್ನ ಜಗಳ ಕೇವಲ ಆಟದ ಬಗ್ಗೆ ಅಲ್ಲವೆಂಬುದು ವಾಚಕರಿಗೆ ಇಷ್ಟು ಹೊತ್ತಿಗೆ ಹೊಳೆದಿರಬೇಕು. ಕನ್ನಡ ಪಾಠ ಹೇಳುವ ನಾವು ‘ಈಗಿನ ಮಕ್ಕಳಿಗೆ ಕಷ್ಟವನ್ನು ಸಹಿಸುವ ಶಕ್ತಿಯಿಲ್ಲ’ ಎಂದು ನಿಟ್ಟುಸಿರು ಬಿಡುತ್ತೇವೆ. ಬಿಟ್ಟು, ಪಂಪನ ಪದ್ಯವನ್ನು ಓದಿಸುವ ಮೊದಲೇ ಸಾರಾಂಶವನ್ನು ಬರೆಸುತ್ತೇವೆ. ಅದೇ ಮಕ್ಕಳಲ್ಲೊಬ್ಬ ಹಿಂದಿನ ಬೆಂಚಿನಲ್ಲಿ ಕುಳಿತು, ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ ಇಪ್ಪತ್ತು ಮನೆ ಉದ್ದ ಇಪ್ಪತ್ತು ಮನೆ ಅಗಲದ ಚೌಕವನ್ನು ಬರೆದು, ಎಲ್ಲಿ ಮುಖ ತಿರುಗಿತೆಂದು ಹುಡುಕುತ್ತಿರುತ್ತಾನೆ. ಶಕ್ತಿಯಿಲ್ಲದವನು ಮಾಡುವ ಕೆಲಸವೆ ಇದು? ಕೊರತೆಯಿರುವುದು ಅವನ ತಾಳ್ಮೆಯಲ್ಲಲ್ಲ, ಅವನ ಮೇಲಿನ ನಮ್ಮ ನಂಬಿಕೆಯಲ್ಲಿ. ಆಟದವರು ಬಾಣದ ಗುರುತು ಹಾಕಿದರು. ನಾವು ಗೈಡು ಕೊಟ್ಟೆವು. ಇಬ್ಬರೂ ದಯೆಯ ಹೆಸರಿನಲ್ಲಿ ಅವನನ್ನು ದುರ್ಬಲನೆಂದು ಕರೆದೆವು.

ಆದ್ದರಿಂದ ಹಿರಿಯರಲ್ಲಿ ನನ್ನದೊಂದು ವಿಜ್ಞಾಪನೆ. ಆ ಹಾಳೆಯನ್ನು ಹರಿಯಬೇಡಿ. ‘ಇದೇನು?’ ಎಂದು ಕೇಳಿ, ಅವನು ವಿವರಿಸಲಿ. ವಿವರಿಸುವಾಗ ಅವನ ಭಾಷೆ ಎಷ್ಟು ಖಚಿತವಾಗಿದೆಯೆಂಬುದನ್ನು ಗಮನಿಸಿ. ಆಮೇಲೆ ಒಂದು ಹಳಗನ್ನಡ ಪದ್ಯವನ್ನು, ಅರ್ಥಕೋಶವನ್ನು ಮಾತ್ರ ಕೈಗಿತ್ತು, ಅವನ ಮುಂದಿಡಿ. ಅನ್ವಯ ತಪ್ಪಲಿ, ಸಿಟ್ಟು ಬರಲಿ, ಪೆನ್ಸಿಲು ಗೋಡೆಗೆ ಬಡಿಯಲಿ. ದಾರಿ ತಿಳಿದಿರುವ ನಾವು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರೋಣ. ನಮಗೆ ಅದೇ ನ್ಯಾಯವಾದ ಕಷ್ಟ.