ಬಾಂಬಿನ ಕಾವಲಿಗೆ ಸಿಕ್ಕ ಮಿಂಚು

೧೯೬೩ರಲ್ಲಿ ಅಮೆರಿಕ, ರಷ್ಯ, ಬ್ರಿಟನ್ನುಗಳು ವಾಯುಮಂಡಲದಲ್ಲಾಗಲಿ, ಅಂತರಿಕ್ಷದಲ್ಲಾಗಲಿ, ನೀರಿನಡಿಯಲ್ಲಾಗಲಿ ಅಣುಬಾಂಬನ್ನು ಪರೀಕ್ಷಿಸುವುದಿಲ್ಲವೆಂದು ಒಪ್ಪಂದ ಮಾಡಿಕೊಂಡವು. ಸಹಿ ಬಿದ್ದಿತೇ ಹೊರತು ನಂಬಿಕೆ ಹುಟ್ಟಲಿಲ್ಲ. ಅದೇ ವರ್ಷ ಅಮೆರಿಕವು ‘ವೇಲಾ’ ಎಂಬ ಜೋಡಿ ಉಪಗ್ರಹಗಳನ್ನು ಒಂದು ಲಕ್ಷ ಕಿಲೋಮೀಟರಿಗೂ ಮೀರಿದ ಎತ್ತರದಲ್ಲಿ ಕಾವಲಿಗೆ ನಿಲ್ಲಿಸಿತು. ಬಾಂಬು ಸಿಡಿದರೆ ಗಾಮಾ ಕಿರಣ ಹೊಮ್ಮಲೇಬೇಕು. ಅದನ್ನು ಹಿಡಿಯುವುದು ಇವುಗಳ ಕೆಲಸ.

ಹಿಡಿಯುವುದಾದರೂ ಹೇಗೆ? ಈ ಕಿರಣ ಸಾಮಾನ್ಯ ಮಸೂರಕ್ಕೂ ಕನ್ನಡಿಗೂ ಬಗ್ಗುವುದಲ್ಲ. ವೇಲಾದಲ್ಲಿದ್ದುದು ಸೀಸಿಯಂ ಅಯೊಡೈಡಿನ ಸ್ಫಟಿಕ. ಕಿರಣ ತಾಕಿದೊಡನೆ ಸ್ಫಟಿಕದೊಳಗೆ ಬೆಳಕು ಮಿನುಗುತ್ತದೆ. ಅದನ್ನು ವಿದ್ಯುತ್ತಿನ ಮಿಡಿತವಾಗಿ ಮಾರ್ಪಡಿಸಿ ಎಣಿಸುತ್ತಾರೆ. ಇದನ್ನು ನೆಲದ ಮೇಲಿಟ್ಟು ಆಕಾಶದ ಕಿರಣವನ್ನು ಕಾಯುವುದು ವ್ಯರ್ಥ. ನಮ್ಮ ವಾಯುಮಂಡಲ ಅವನ್ನು ಮೇಲೆಯೇ ಹೀರಿಬಿಡುತ್ತದೆ; ನಾವು ಬದುಕಿರುವುದೂ ಅದರಿಂದಲೇ ಎನ್ನಿ.

೧೯೬೭ರ ಜುಲೈ ೨ರಂದು ವೇಲಾಗಳು ಒಂದು ಮಿಂಚನ್ನು ಕಂಡವು. ೧೯೬೯ರಲ್ಲಿ ಲಾಸ್ ಅಲಾಮೋಸಿನ ಕ್ಲೆಬೆಸಡೆಲ್ ಮತ್ತು ಓಲ್ಸನ್ ದಾಖಲೆಗಳನ್ನು ತಿರುವುವಾಗ ಅದು ಬೆಳಕಿಗೆ ಬಂದಿತು. ಏರಿಳಿತ ಬಾಂಬಿನದಲ್ಲ. ಹಾಗಾದರೆ ಎಲ್ಲಿಯದು? ದೂರದೂರದಲ್ಲಿರುವ ಉಪಗ್ರಹಗಳಿಗೆ ಒಂದೇ ಕಿರಣ ಸೆಕೆಂಡಿನ ಅಲ್ಪಾಂಶದಷ್ಟು ಹಿಂದುಮುಂದಾಗಿ ತಲುಪುತ್ತದೆ. ಆ ಅಂತರದಿಂದ ಬಂದ ದಿಕ್ಕು ತಿಳಿಯುತ್ತದೆ. ಮುಂದಿನ ವೇಲಾಗಳು ಹೀಗೆ ಅಳೆದಾಗ ಮೂಲ ಭೂಮಿಯಲ್ಲ, ಸೂರ್ಯನೂ ಅಲ್ಲ ಎಂಬುದು ಖಚಿತವಾಯಿತು. ೧೯೭೩ರಲ್ಲಿ ಹದಿನಾರು ಸ್ಫೋಟಗಳ ವಿವರ ಪ್ರಕಟವಾಯಿತು. ವೈರಿಯ ಬಾಂಬೆಂದು ಬೊಬ್ಬೆಯಿಡಬಹುದಾಗಿದ್ದ ಕಾಲದಲ್ಲಿ ಅವರು ತೋರಿದ ಈ ತಾಳ್ಮೆಯನ್ನೇ ನಾವು ಶೋಧಕ್ಕಿಂತ ಹೆಚ್ಚು ಮೆಚ್ಚುತ್ತೇವೆ.

೧೯೯೧ರಲ್ಲಿ ಮೇಲೇರಿದ ಕಾಂಪ್ಟನ್ ವೇಧಶಾಲೆ ಒಂಬತ್ತು ವರ್ಷಗಳಲ್ಲಿ ೨,೭೦೦ಕ್ಕೂ ಹೆಚ್ಚು ಸ್ಫೋಟಗಳನ್ನು ಗುರುತಿಸಿತು. ಅವು ಆಕಾಶಗಂಗೆಯ ಪಟ್ಟಿಯಲ್ಲಿ ಗುಂಪುಗೂಡದೆ ಎಲ್ಲ ದಿಕ್ಕಿಗೂ ಸಮನಾಗಿ ಹರಡಿದ್ದವು. ೧೯೯೭ರಲ್ಲಿ ಇಟಲಿ ಮತ್ತು ಹಾಲೆಂಡಿನವರ ಬೆಪ್ಪೋಸ್ಯಾಕ್ಸ್ ಒಂದು ಸ್ಫೋಟದ ಹಿಂಬೆಳಕನ್ನು ಹಿಡಿದ ಮೇಲೆ, ಅವು ಕೋಟ್ಯಂತರ ಜ್ಯೋತಿರ್ವರ್ಷಗಳಾಚೆಯವೆಂಬುದು ಸ್ಥಿರಪಟ್ಟಿತು: ಮಹಾತಾರೆಗಳ ಕುಸಿತ, ಇಲ್ಲವೇ ಎರಡು ನ್ಯೂಟ್ರಾನ್ ತಾರೆಗಳ ಡಿಕ್ಕಿ.

೨೦೧೫ರ ಸೆಪ್ಟೆಂಬರ್ ೨೮ರಂದು ಶ್ರೀಹರಿಕೋಟೆಯಿಂದ ಹಾರಿದ ನಮ್ಮ ಆಸ್ಟ್ರೋಸ್ಯಾಟಿನಲ್ಲಿಯೂ ಇಂಥ ಉಪಕರಣವಿದೆ. ಅದರ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡಿನ ಸ್ಫಟಿಕದಲ್ಲಿ ಬೆಳಕಿನ ಮಧ್ಯಸ್ತಿಕೆಯಿಲ್ಲ. ಕಿರಣ ನೇರವಾಗಿ ವಿದ್ಯುತ್ತಾಗುತ್ತದೆ. ಪ್ರಬಲ ಗಾಮಾ ಕಿರಣಗಳು ಉಪಗ್ರಹದ ಗೋಡೆಯನ್ನೇ ತೂರಿ ಬರುವುದರಿಂದ, ಅದು ಮುಖಮಾಡಿರದ ದಿಕ್ಕಿನ ಸ್ಫೋಟಗಳೂ ಅದಕ್ಕೆ ಸಿಕ್ಕಿವೆ.