ಅಗ್ಗದ ದುಡಿಮೆ ಮತ್ತು ಅಚೌರ್ಯವ್ರತ

ಅಚೌರ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ಪರರ ಪೆಟ್ಟಿಗೆಗೆ ಕೈಹಾಕುವುದಿಲ್ಲ. ಆದರೆ ದುಡಿದವನಿಗೆ ಸಲ್ಲಬೇಕಾದ ಕೂಲಿಯಲ್ಲಿ ಒಂದು ಪಾಲನ್ನು ಉಳಿಸಿಕೊಂಡರೆ ಅದು ಕಳವಾಗುವುದೋ ಇಲ್ಲವೋ ಎಂಬ ಪ್ರಶ್ನೆಯನ್ನು ವ್ಯಾಪಾರಸ್ಥರು ಎತ್ತುವುದು ವಿರಳ. ಅಮೆರಿಕದಲ್ಲಿ ಅಂಗಡಿ, ಹೋಟೆಲುಗಳನ್ನು ನಡೆಸುವ ಜೈನ ಕುಟುಂಬಗಳೂ ಅಲ್ಲಿ ಜಿನಮಂದಿರಗಳನ್ನು ಕಟ್ಟಿಸುವ ಟ್ರಸ್ಟುಗಳೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು. ಏಕೆಂದರೆ ಅಧಿಕೃತ ದಾಖಲೆಗಳಿಲ್ಲದೆ ದುಡಿಯುವ ವಲಸಿಗರ ಶ್ರಮವೇ ಅಲ್ಲಿ ಅತ್ಯಂತ ಅಗ್ಗವಾಗಿ ದೊರೆಯುವಂಥದು.

ಆ ದೇಶದ ಕಾನೂನೂ ಬಹುಕಾಲ ಇಬ್ಬಗೆಯದಾಗಿತ್ತು. 1952ರ ಕಾಯಿದೆಯು ಅನಧಿಕೃತ ವಲಸಿಗನಿಗೆ ಆಶ್ರಯ ನೀಡುವುದನ್ನು ಅಪರಾಧವೆಂದಿತು. ಅವನಿಗೆ ಕೆಲಸ ಕೊಡುವುದನ್ನು ಮಾತ್ರ ಆಶ್ರಯವೆಂದು ಎಣಿಸಲಿಲ್ಲ. 1986ರ ಕಾಯಿದೆ ಈ ವಿನಾಯಿತಿಗೆ ಅಂತ್ಯ ಹಾಡಿತು. ಅಂದಿನಿಂದ ಹೊಸ ನೌಕರನು ಆ ದೇಶದ ಪ್ರಜೆಯೇ ಆಗಿದ್ದರೂ ‘ಐ-9’ ನಮೂನೆಯನ್ನು ತುಂಬಬೇಕು. ಕೆಲಸಕ್ಕೆ ಸೇರಿದ ಮೂರು ಕೆಲಸದ ದಿನಗಳೊಳಗೆ ಮಾಲೀಕನು ಅವನ ದಾಖಲೆಗಳನ್ನು ಪರಿಶೀಲಿಸಬೇಕು. ಅನರ್ಹನೆಂದು ತಿಳಿದೂ ನೇಮಿಸುವುದು ದಂಡಾರ್ಹ. ಗುತ್ತಿಗೆದಾರನ ಮೂಲಕ ತಿಳಿದೂ ದುಡಿಸಿಕೊಳ್ಳುವುದೂ ಹಾಗೆಯೇ. ಹುಟ್ಟಿದ ನಾಡನ್ನೋ ಉಚ್ಚಾರಣೆಯನ್ನೋ ನೋಡಿ ಒಬ್ಬನಿಂದ ಮಾತ್ರ ಹೆಚ್ಚಿನ ದಾಖಲೆ ಕೇಳುವುದು ಸಹ ನಿಷಿದ್ಧ.

ನಮೂನೆ ಭರ್ತಿಯಾದೊಡನೆ ತನ್ನ ಹೊಣೆ ತೀರಿತೆಂದು ಭಾವಿಸುವವರಿದ್ದಾರೆ. ಮೇಲ್ನೋಟಕ್ಕೆ ನೈಜವೆನಿಸುವ ದಾಖಲೆಯನ್ನು ಒಪ್ಪಿಕೊಂಡರೆ ಕಾನೂನಿಗೆ ಸಾಕು, ನಿಜ. ಆದರೆ ಸತ್ಯ ಗೋಚರಿಸುತ್ತಿದ್ದರೂ ಬೇಕೆಂದೇ ಕಣ್ಣು ಮುಚ್ಚಿಕೊಂಡವನನ್ನು ಕಾನೂನೂ ತಿಳಿದವನೆಂದೇ ಪರಿಗಣಿಸುತ್ತದೆ. ವ್ರತವಂತೂ ಇನ್ನೂ ಮುಂದೆ ಹೋಗುತ್ತದೆ. ತತ್ತ್ವಾರ್ಥಸೂತ್ರವು ಅಚೌರ್ಯದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನು ಹೇಳಿದೆ. ಕನ್ನಡನಾಡಿನ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ, ಬೆಲೆಬಾಳುವುದನ್ನು ಅಂಥ ಸ್ಥಿತಿಯಲ್ಲಿ ಅಲ್ಪಮೌಲ್ಯಕ್ಕೆ ಪಡೆಯುವ ಯತ್ನವನ್ನೇ ದೋಷವೆಂದು ಗುರುತಿಸಿದ್ದಾರೆ. ಮನುಷ್ಯನ ಶ್ರಮಕ್ಕಿಂತ ಬೆಲೆಬಾಳುವ ವಸ್ತು ಯಾವುದು?

ಭಯಕ್ಕೆ ಎಂಥ ಬೆಲೆಯಿದೆ ಎಂಬುದಕ್ಕೆ ಒಂದು ಮೊಕದ್ದಮೆ ಸಾಕ್ಷಿ. ಹಾಫ್‌ಮನ್ ಪ್ಲಾಸ್ಟಿಕ್ ಎಂಬ ಕಂಪನಿಯು ಕಾರ್ಮಿಕ ಸಂಘದ ಪರವಾಗಿ ನಿಂತ ನೌಕರನೊಬ್ಬನನ್ನು 1989ರಲ್ಲಿ ಕೆಲಸದಿಂದ ತೆಗೆಯಿತು. ಅದು ಕಾನೂನುಬಾಹಿರವೆಂದು ತೀರ್ಮಾನವಾಯಿತು. 66,951 ಡಾಲರುಗಳ ಬಾಕಿ ವೇತನವೂ ನಿಗದಿಯಾಯಿತು. ಆದರೆ ಅವನು ಮಿತ್ರನ ಜನನಪತ್ರ ತೋರಿಸಿ ಕೆಲಸ ಪಡೆದಿದ್ದನು. ವಿಚಾರಣೆಯಲ್ಲಿ ಇದು ಹೊರಬಿದ್ದುದರಿಂದ, 2002ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಐವರು ನಾಲ್ವರ ಬಹುಮತದಿಂದ ಆ ಹಣವನ್ನು ನಿರಾಕರಿಸಿತು. ಇಂಥ ತೀರ್ಪು ಅನಧಿಕೃತರನ್ನೇ ನೇಮಿಸಿಕೊಳ್ಳಲು ಮಾಲೀಕರಿಗೆ ಪ್ರೇರಣೆಯಾದೀತೆಂದು ಭಿನ್ನಮತದ ನ್ಯಾಯಮೂರ್ತಿ ಬ್ರೆಯರ್ ಎಚ್ಚರಿಸಿದರು. ಈಗಾಗಲೇ ಮಾಡಿದ ಕೆಲಸಕ್ಕೆ ಕನಿಷ್ಠ ವೇತನವಂತೂ ದಾಖಲೆಯಿಲ್ಲದವನಿಗೂ ಸಲ್ಲತಕ್ಕದ್ದೆಂಬುದೇ ಅಲ್ಲಿನ ಕಾನೂನು. ಅದನ್ನು ಕೇಳುವ ಧೈರ್ಯ ಅವನಿಗಿಲ್ಲವೆಂಬುದೇ ಲೋಭಿಗೆ ಬಂಡವಾಳ.

‘ಹಸಿದವನಿಗೆ ಕೆಲಸ ಕೊಟ್ಟೆವು, ಇದು ದಯೆಯಲ್ಲವೆ?’ ಎಂದು ಕೆಲವರು ವಾದಿಸುವರು. ದಯೆಯಾಗಿದ್ದರೆ ಅವನ ಕೂಲಿ ಇತರರ ಕೂಲಿಗೆ ಸಮನಾಗಿರಬೇಕಿತ್ತು. ಕಡಿಮೆ ಕೊಟ್ಟು, ಹೆಚ್ಚು ಹೊತ್ತು ದುಡಿಸಿ, ಬಾಕಿ ಕೇಳಿದ ದಿನವೇ ‘ನಿನ್ನ ಕಾಗದ ತೋರಿಸು’ ಎಂದು ಗದರಿಸುವುದು ದಯೆಯಲ್ಲ. ಅತಿಭಾರಾರೋಪಣವನ್ನು ಅಹಿಂಸೆಯ ಅತಿಚಾರವೆಂದು ಓದುವಾಗ ಎತ್ತಿನ ಹೆಗಲನ್ನು ಮಾತ್ರ ನೆನೆದು, ಮನುಷ್ಯನ ಹೆಗಲನ್ನು ಮರೆಯುವುದು ವಿಪರ್ಯಾಸ.

ಕೃತ, ಕಾರಿತ, ಅನುಮೋದನೆ ಮೂರೂ ಬಂಧಕ್ಕೆ ಕಾರಣವೆಂದು ಬಲ್ಲ ಟ್ರಸ್ಟಿಗಳು ‘ಅದು ಗುತ್ತಿಗೆದಾರನ ವಿಷಯ’ ಎನ್ನಲಾಗದು. ಅತಿ ಕಡಿಮೆ ದರದ ಟೆಂಡರನ್ನು ಒಪ್ಪುವ ಮುನ್ನ ಆ ಕಡಿತ ಯಾರ ಕೂಲಿಯಿಂದ ಬಂದಿತೆಂದು ಕೇಳಬೇಕು. ನೇಮಕದ ಹೊತ್ತಿನಲ್ಲಿಯೇ ಎಲ್ಲರ ದಾಖಲೆಗಳನ್ನೂ ಒಂದೇ ಕ್ರಮದಲ್ಲಿ ನೋಡಬೇಕು. ಕೂಲಿ ಪಾವತಿಯ ಲೆಕ್ಕವನ್ನು ಗುತ್ತಿಗೆಯ ಕರಾರಿನಲ್ಲಿಯೇ ಕಡ್ಡಾಯಗೊಳಿಸಬೇಕು. ಅನರ್ಹನೆಂದು ತಿಳಿದುಬಂದವನನ್ನು ಕಾನೂನಿನಂತೆ ಬಿಡಬೇಕಾಗಿ ಬಂದರೂ, ದುಡಿದ ಕೊನೆಯ ಗಂಟೆಯವರೆಗಿನ ಪೂರ್ಣ ವೇತನವನ್ನು ಕೈಗಿತ್ತೇ ಕಳುಹಿಸಬೇಕು.

ಚತುರ್ವಿಧ ದಾನಗಳಲ್ಲಿ ಅಭಯದಾನವೂ ಒಂದು. ದುಡಿದವನ ಭಯದಿಂದ ಉಳಿಸಿದ ಹಣವನ್ನು ಹುಂಡಿಗೆ ಹಾಕಿದವನು ಯಾವ ದಾನವನ್ನೂ ಮಾಡಿದಂತಾಗುವುದಿಲ್ಲ.