ನೆಲ ಹೋದ ಮೇಲೆ ಬಂದ ಬಂಡವಾಳ

ಮುತ್ತಾತನ ಕಾಲದಲ್ಲಿ ಹಟ್ಟಿಯಿಂದ ಹೊಡೆದುಕೊಂಡು ಹೋದ ಜೋಡಿ ಎತ್ತಿಗೆ ಬದಲಾಗಿ ಮರಿಮಗನ ಕೈಗೆ ಮೂಗುದಾರದ ಬೆಲೆ ಎಣಿಸಿ, ‘ಲೆಕ್ಕ ಚುಕ್ತಾ ಆಯಿತು, ಇಲ್ಲಿ ರುಜು ಹಾಕು’ ಎಂದರೆ ಅವನೇನು ಮಾಡಬೇಕು? ಬೇಡವೆಂದು ಎಸೆದು ಬರಬೇಕೆ? ಅಣ್ಣತಮ್ಮಂದಿರು ಸೇರಿ ಅಂದೇ ಹಂಚಿಕೊಂಡು ತಿಂದುಬಿಡಬೇಕೆ? ಇಲ್ಲ, ಆ ಪುಡಿಕಾಸನ್ನೇ ಇಟ್ಟುಕೊಂಡು ಮತ್ತೆ ಒಂದು ಕರು ಸಾಕಬೇಕೆ?

ಇದು ಒಗಟಲ್ಲ. ನ್ಯೂಜಿಲೆಂಡ್ ದೇಶದ ದಕ್ಷಿಣ ದ್ವೀಪದಲ್ಲಿರುವ ನಾಯ್ ತಾಹು ಎಂಬ ಮಾವೋರಿ ಬುಡಕಟ್ಟಿನ ಮುಂದೆ 1998ರಲ್ಲಿ ಇದೇ ಪ್ರಶ್ನೆ ಬಂದು ನಿಂತಿತು. ಅವರು ಮೂರನೆಯ ದಾರಿ ಹಿಡಿದರು. ಆ ಕರು ಈಗ ದೊಡ್ಡ ಎತ್ತಾಗಿದೆ. ಆದರೆ ಅದು ಯಾರ ಹೊಲ ಉಳುತ್ತಿದೆ ಎಂಬುದನ್ನು ಕೇಳುವ ಹಕ್ಕು ದುಡಿಯುವ ಜನರ ಪತ್ರಿಕೆಗೆ ಉಂಟೆಂದು ನಾವು ತಿಳಿದಿದ್ದೇವೆ.

ಮೊದಲು ಎತ್ತು ಹೋದ ಕಥೆ. 1840ರ ಫೆಬ್ರವರಿ 6ರಂದು ವೈಟಾಂಗಿ ಎಂಬಲ್ಲಿ ಬ್ರಿಟಿಷ್ ರಾಣಿಯ ಪ್ರತಿನಿಧಿಗಳಿಗೂ ಮಾವೋರಿ ಮುಖಂಡರಿಗೂ ಒಪ್ಪಂದವಾಯಿತು. ನೆಲ, ಕಾಡು, ಮೀನುಗಾರಿಕೆ ನಿಮ್ಮದೇ, ಮಾರುವುದಾದರೆ ನಮಗೇ ಮಾರಬೇಕು ಎಂಬುದು ಅದರಲ್ಲಿ ಸೇರಿದ್ದ ಮಾತು. ಕೊಳ್ಳುವವನು ಒಬ್ಬನೇ ಆದ ಸಂತೆಯಲ್ಲಿ ಬೆಲೆ ಯಾರು ಕಟ್ಟುತ್ತಾರೆಂಬುದನ್ನು ನಮ್ಮ ವ್ಯಾಪಾರಿ ಮಿತ್ರರಿಗೆ ನಾವು ಹೇಳಿಕೊಡಬೇಕಾಗಿಲ್ಲ. 1844ರಿಂದ 1864ರ ತನಕ ಇಪ್ಪತ್ತು ವರ್ಷಗಳಲ್ಲಿ ಹತ್ತು ಕ್ರಯಪತ್ರಗಳಾದವು. ಸುಮಾರು 3 ಕೋಟಿ 45 ಲಕ್ಷ ಎಕರೆ ಕೈಬಿಟ್ಟಿತು. ಬಂದದ್ದು 14,750 ಪೌಂಡು. ಬುಡಕಟ್ಟಿಗೆ ಉಳಿದದ್ದು ನಲವತ್ತು ಸಾವಿರ ಎಕರೆಗೂ ಕಡಿಮೆ. ಈ ಹತ್ತರಲ್ಲಿ ಬಹು ದೊಡ್ಡದಾದ 1848ರ ಕೆಂಪ್ ಕ್ರಯಕ್ಕೆ 2,000 ಪೌಂಡು ಕೊಟ್ಟರು. ಅಲ್ಲಿನ ಜನರಿಗೆಂದು ಗುರುತಿಸಿಟ್ಟ ನೆಲ 6,359 ಎಕರೆ, ತಲೆಗೆ ಸುಮಾರು ಹತ್ತು ಎಕರೆ. ಅದೇ ಬಯಲಿನಲ್ಲಿ ಬಿಳಿಯ ಕುರಿಗಾರರು ಸಾವಿರಾರು ಎಕರೆಯ ಹುಲ್ಲುಗಾವಲಿನ ಒಡೆಯರಾದರು. ಶಾಲೆ ಕಟ್ಟಿಸುತ್ತೇವೆ, ಆಸ್ಪತ್ರೆ ಕಟ್ಟಿಸುತ್ತೇವೆ ಎಂಬ ಬಾಯಿಮಾತು ಬಾಯಿಮಾತಾಗಿಯೇ ಉಳಿಯಿತು. ಹಾವುಮೀನು ಹಿಡಿಯುವ ಹೊಳೆ, ಹಕ್ಕಿ ಹಿಡಿಯುವ ಜೌಗು, ಗೆಡ್ಡೆ ಅಗೆಯುವ ಜಾಗ ಜನರಿಗೇ ಇರಲಿ ಎಂದು ಪತ್ರದಲ್ಲಿ ಬರೆದದ್ದೂ ನಡೆಯಲಿಲ್ಲ.

ಅವರು ಸುಮ್ಮನಿರಲಿಲ್ಲ. ಕೆಂಪ್ ಕ್ರಯವಾದ ಮರುವರ್ಷವೇ, 1849ರಲ್ಲಿ, ಮತಿಯಾಹಾ ತಿರಾಮೊರೆಹು ಎಂಬ ಮುಖಂಡರು ಸರಕಾರಕ್ಕೆ ದೂರು ಬರೆದರು. ಅಂದಿನಿಂದ ತಲೆಮಾರಿನ ಮೇಲೆ ತಲೆಮಾರು ಅರ್ಜಿ, ಆಯೋಗ, ವಿಚಾರಣೆ. 1944ರಲ್ಲಿ ಸರಕಾರ ವರ್ಷಕ್ಕೆ 10,000 ಪೌಂಡಿನಂತೆ ಮೂವತ್ತು ವರ್ಷ ಕೊಡುವ ಕಾಯಿದೆ ಮಾಡಿತು. ಮುಂದೆ 1973ರಲ್ಲಿ ಅದನ್ನೇ ವರ್ಷಕ್ಕೆ 20,000 ಡಾಲರಿನ ಶಾಶ್ವತ ವರ್ಷಾಶನ ಮಾಡಿತು. ಬೆಲೆ ಏರುತ್ತ ಹೋಯಿತು, ವರ್ಷಾಶನ ನಿಂತಲ್ಲೇ ನಿಂತಿತು. ಸಂಬಳ ಏರದೆ ಅಕ್ಕಿ ಬೆಲೆ ಏರಿದರೆ ಏನಾಗುತ್ತದೆಂದು ಮಗ್ಗದ ಮುಂದೆ ನಿಲ್ಲುವವರಿಗೆ ಗೊತ್ತು.

ನೆಲ ಹೋದವರು ಕೂಲಿಗೆ ಹೋಗುತ್ತಾರೆ. ಎರಡನೆಯ ಮಹಾಯುದ್ಧದ ನಂತರ ಮಾವೋರಿಗಳು ಗುಂಪುಗುಂಪಾಗಿ ಪಟ್ಟಣ ಸೇರಿದರು. ಮಾಂಸದ ಕಾರ್ಖಾನೆ, ರೈಲ್ವೆ, ಅರಣ್ಯ ಇಲಾಖೆ, ರಸ್ತೆ ಕೆಲಸ ಇವೇ ಅವರ ಅನ್ನವಾದವು. 1984ರಲ್ಲಿ ಅಧಿಕಾರಕ್ಕೆ ಬಂದ ಸರಕಾರ ಈ ಅನ್ನಕ್ಕೇ ಕೈ ಹಾಕಿತು. ಸರಕಾರಿ ಇಲಾಖೆಗಳನ್ನು ಕಂಪೆನಿಗಳಾಗಿ ಮಾಡಿ ಮಾರತೊಡಗಿತು. ಅದು ಲೇಬರ್ ಪಕ್ಷದ ಸರಕಾರವೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಕಾರ್ಮಿಕರ ಹೆಸರು ಹೊತ್ತ ಪಕ್ಷ ಕಾರ್ಮಿಕರ ಹೊಟ್ಟೆಗೆ ಹೊಡೆದ ಉದಾಹರಣೆ ಲೋಕದಲ್ಲಿ ಅದೊಂದೇ ಅಲ್ಲ. 1986ರಲ್ಲಿ ಉತ್ತರ ದ್ವೀಪದ ವಾಕಾಟು ಮಾಂಸದ ಕಾರ್ಖಾನೆ ಬಾಗಿಲು ಹಾಕಿತು. 1990ರ ದಶಕದ ಮೊದಲಿಗೆ ದುಡಿಮೆ ಬಯಸಿದ ಮಾವೋರಿಗಳಲ್ಲಿ ನಾಲ್ವರಿಗೆ ಒಬ್ಬರಂತೆ ನಿರುದ್ಯೋಗಿಗಳಾಗಿದ್ದರು.

ಆ ಕಷ್ಟದಲ್ಲೇ ಹುಟ್ಟಿದ ಒಂದು ಉದ್ಯಮದ ಮಾತನ್ನು ಇಲ್ಲಿ ಹೇಳಬೇಕು. ಕೈಕೌರಾ ಎಂಬ ಸಣ್ಣ ಕಡಲೂರು. ಒಂದು ಕಾಲದಲ್ಲಿ ಬಿಳಿಯರು ತಿಮಿಂಗಿಲ ಕೊಂದು ಎಣ್ಣೆ ಕಾಯಿಸುತ್ತಿದ್ದ ಜಾಗ. ರೈಲ್ವೆ ಕೆಲಸ ಹೋಗಿ ನಾಯ್ ತಾಹು ಜನ ಕೈಕಟ್ಟಿ ಕುಳಿತಾಗ, 1987ರಲ್ಲಿ ಅಲ್ಲಿನ ಕೆಲವು ಕುಟುಂಬಗಳು ತಮ್ಮ ಮನೆಗಳನ್ನು ಅಡವಿಟ್ಟು ದೋಣಿ ಕೊಂಡವು. ತಿಮಿಂಗಿಲ ಕೊಲ್ಲುವುದಕ್ಕಲ್ಲ, ಜನರನ್ನು ಕರೆದೊಯ್ದು ತೋರಿಸುವುದಕ್ಕೆ. ಇಂದು ಲೋಕದ ನಾನಾ ಕಡೆಯಿಂದ ಅದಕ್ಕೆ ಪ್ರವಾಸಿಗರು ಬರುತ್ತಾರೆ. 2016ರ ನವೆಂಬರಿನ ಭೂಕಂಪದಲ್ಲಿ ಸಮುದ್ರದ ತಳವೇ ಮೇಲೆದ್ದು ದೋಣಿ ಕಟ್ಟೆ ಕೆಟ್ಟಾಗಲೂ ಅವರು ಮತ್ತೆ ಎದ್ದು ನಿಂತರು. ಪರಿಹಾರದ ಒಂದು ಡಾಲರೂ ಬರುವುದಕ್ಕೆ ಹನ್ನೊಂದು ವರ್ಷ ಮೊದಲೇ ಇದು ಆರಂಭವಾಯಿತು ಎಂಬುದನ್ನು ಗಮನಿಸಬೇಕು. ಆ ಊರಿಗೆ ಯೋಜನೆಯನ್ನು ರಾಜಧಾನಿಯ ತಜ್ಞರು ಬರೆದುಕೊಟ್ಟದ್ದಲ್ಲ.

ಇತ್ತ ಮೊಕದ್ದಮೆಯೂ ನಡೆದಿತ್ತು. 1986ರಲ್ಲಿ ವೈಟಾಂಗಿ ನ್ಯಾಯಮಂಡಲಿಯ ಮುಂದೆ ದೂರು ದಾಖಲಾಯಿತು. 1987ರಲ್ಲಿ ಮಾವೋರಿ ಕೌನ್ಸಿಲು ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಿ, ಮಾವೋರಿಗಳ ಹಕ್ಕು ಕಾಪಾಡುವ ವ್ಯವಸ್ಥೆಯಾಗದೆ ಸರಕಾರಿ ನೆಲವನ್ನು ಕಂಪೆನಿಗಳಿಗೆ ಒಪ್ಪಿಸದಂತೆ ತಡೆ ತಂದಿತು. ಅದಿಲ್ಲದಿದ್ದರೆ ಹಿಂದಕ್ಕೆ ಕೊಡಲು ಸರಕಾರದ ಕೈಯಲ್ಲಿ ಎಷ್ಟು ನೆಲ ಉಳಿಯುತ್ತಿತ್ತೋ! ನ್ಯಾಯಮಂಡಲಿಯ ವರದಿ 1991ರಲ್ಲಿ ಬಂತು. ತಿಪೆನೆ ಓರೆಗನ್ ಅವರ ಮುಂದಾಳುತನದಲ್ಲಿ ವರ್ಷಗಟ್ಟಲೆ ಮಾತುಕತೆಯಾಗಿ 1998ರಲ್ಲಿ ಕಾಯಿದೆಯಾಯಿತು. 17 ಕೋಟಿ ಡಾಲರು, ಸರಕಾರದ ಕ್ಷಮಾಪಣೆ, ಆ ಸೀಮೆಯಲ್ಲಿ ಸರಕಾರ ಮಾರುವ ಆಸ್ತಿಯನ್ನು ಮೊದಲು ಕೊಳ್ಳುವ ಹಕ್ಕು. ತಮ್ಮ ನಷ್ಟ ಸಾವಿರ ಕೋಟಿ ಡಾಲರಿಗೂ ಮೇಲೆ ಎಂದು ಬುಡಕಟ್ಟಿನವರು ಲೆಕ್ಕ ಕೊಟ್ಟಿದ್ದರು. ಸಿಕ್ಕಿದ್ದು ಅದರಲ್ಲಿ ನೂರಕ್ಕೆ ಎರಡೂ ಅಲ್ಲ. ಮೂಗುದಾರದ ಬೆಲೆ ಎಂದು ನಾವು ಮೊದಲೇ ಹೇಳಿದ್ದು ಉತ್ಪ್ರೇಕ್ಷೆಯ ಮಾತಲ್ಲ.

ಈಗ ಹಂಚಿಕೆಯ ಪ್ರಶ್ನೆ. 1848ರಲ್ಲಿ ಬದುಕಿದ್ದ ಹಿರಿಯರ ಪಟ್ಟಿಯೊಂದು ಇದೆ. ಆ ಹಿರಿಯರ ಸಂತತಿಯವರೆಲ್ಲ ಬುಡಕಟ್ಟಿನ ಸದಸ್ಯರು. ಇಂದು ನೋಂದಾಯಿಸಿದವರ ಸಂಖ್ಯೆ ಎಂಬತ್ತು ಸಾವಿರ ದಾಟಿದೆ. ಆ ಲೆಕ್ಕದಲ್ಲಿ 17 ಕೋಟಿಯನ್ನು ಹಂಚಿದ್ದರೆ ತಲೆಗೆ ಎರಡು ಸಾವಿರ ಡಾಲರು ಚಿಲ್ಲರೆ. ಹಳೆಯ ಕಾರೊಂದು ಬಂದೀತು. ಹಂಚದೆ ಒಟ್ಟಿಗೆ ಇಟ್ಟದ್ದು ಸರಿಯೆಂದೇ ನಮ್ಮ ಮತ. ನೆಲ ಹೋದದ್ದು ಒಬ್ಬೊಬ್ಬನದಲ್ಲ, ಸಮುದಾಯದ್ದು. ಬಂದದ್ದೂ ಸಮುದಾಯದ್ದಾಗಿಯೇ ಉಳಿಯಬೇಕು.

ಆದರೆ ಒಟ್ಟಿಗೆ ಇಟ್ಟ ಹಣ ತಾನೇ ಮರಿ ಹಾಕುವುದಿಲ್ಲ. ಉತ್ತರ ದ್ವೀಪದ ವೈಕಾಟೊ-ಟೈನುಯಿ ಬುಡಕಟ್ಟಿನ ಸಂಗತಿ ನೋಡಿ. 1863ರ ಕಾಯಿದೆಯಡಿ ಸುಮಾರು 12 ಲಕ್ಷ ಎಕರೆ ಕಳೆದುಕೊಂಡವರು. 1995ರಲ್ಲಿ ಅವರಿಗೂ 17 ಕೋಟಿ ಡಾಲರಿನ ಪರಿಹಾರವಾಯಿತು. ಕ್ಷಮಾಪಣೆಯಿದ್ದ ಆ ಕಾಯಿದೆಗೆ ರಾಣಿ ಎಲಿಜಬೆತ್ ಸ್ವತಃ ಬಂದು ಸಹಿ ಹಾಕಿದರು. ಅವರು ಆಕ್ಲೆಂಡಿನ ವಾರಿಯರ್ಸ್ ಎಂಬ ರಗ್ಬಿ ಲೀಗ್ ತಂಡದಲ್ಲಿ ಪಾಲು ಹಿಡಿದರು, ಇನ್ನೂ ಹಲವು ಸಾಹಸಗಳಿಗೆ ಕೈ ಹಾಕಿದರು. ಐದೇ ವರ್ಷದಲ್ಲಿ ಕೋಟ್ಯಂತರ ಡಾಲರು ಮುಳುಗಿತು, ಒಳಜಗಳ ನ್ಯಾಯಾಲಯದ ಮೆಟ್ಟಿಲೇರಿತು. ಅಂದು ನಕ್ಕವರು ಬಹಳ. ಆದರೆ ಅವರೂ ತಿದ್ದಿಕೊಂಡರು. ಹ್ಯಾಮಿಲ್ಟನ್ ಬಳಿ ತಮಗೆ ಮರಳಿ ಬಂದ ಹಳೆಯ ವಿಮಾನದಳದ ನೆಲೆಯಲ್ಲಿ ದೊಡ್ಡ ಮಳಿಗೆಗಳ ಪೇಟೆ ಕಟ್ಟಿದರು. 2016ರಲ್ಲಿ ಅದರ ಅರ್ಧ ಪಾಲು ಮಾರಿ ಬಂಡವಾಳ ಮಾಡಿಕೊಂಡರು.

ನಾಯ್ ತಾಹು ಹಿಡಿದ ಕ್ರಮವನ್ನು ಅಂಗಡಿ ಇಟ್ಟವರು ತಟ್ಟನೆ ಗುರುತಿಸುತ್ತಾರೆ. ಗಲ್ಲಾ ಪೆಟ್ಟಿಗೆಯೇ ಬೇರೆ, ಮನೆಯ ಖರ್ಚಿನ ಡಬ್ಬಿಯೇ ಬೇರೆ. ವ್ಯಾಪಾರ ಮಾಡುವುದಕ್ಕೆ ಒಂದು ಕಂಪೆನಿ. ಅದರ ಕೆಲಸ ಆಸ್ತಿ, ಮೀನು, ಹೊಲ, ಪ್ರವಾಸ ಇವುಗಳಲ್ಲಿ ಲಾಭ ತರುವುದು. ಲಾಭದ ಪಾಲು ಬುಡಕಟ್ಟಿನ ಮಹಾಸಭೆಗೆ ಹೋಗುತ್ತದೆ. ಶಾಲೆ, ಭಾಷೆ, ಆರೋಗ್ಯ, ಮರಾಯೆ ಎಂಬ ಊರ ಸಭಾಮನೆಗಳ ಕೆಲಸ ಆ ಕಡೆಯದು. 1996ರ ಕಾಯಿದೆಯಂತೆ ಆ ಮಹಾಸಭೆಯಲ್ಲಿ ಹದಿನೆಂಟು ಊರ ಸಭೆಗಳಿಂದ ಒಬ್ಬೊಬ್ಬ ಪ್ರತಿನಿಧಿ. ಪರಿಹಾರ ಬರುವುದಕ್ಕೆ ಎರಡು ವರ್ಷ ಮುಂಚೆ ಪೆಟ್ಟಿಗೆಯನ್ನೂ ಬೀಗವನ್ನೂ ಸಿದ್ಧ ಮಾಡಿಟ್ಟುಕೊಂಡರು! 2001ರಲ್ಲಿ ‘ನಾಯ್ ತಾಹು 2025’ ಎಂಬ ಇಪ್ಪತ್ತನಾಲ್ಕು ವರ್ಷದ ಯೋಜನೆ ಹೊರಟಿತು. ಚುನಾವಣೆಯಿಂದ ಚುನಾವಣೆಗೆ ಬದುಕುವ ಸರಕಾರಗಳು ಇಷ್ಟು ದೂರ ನೋಡುವುದು ಅಪರೂಪ. ‘ನಮಗಾಗಿ, ನಮ್ಮ ಹಿಂದೆ ಬರುವ ಮಕ್ಕಳಿಗಾಗಿ’ ಎಂಬುದು ಅವರ ಧ್ಯೇಯವಾಕ್ಯದ ಅರ್ಥ. 17 ಕೋಟಿಯಿಂದ ಹೊರಟ ಆಸ್ತಿ ಇತ್ತೀಚಿನ ವರ್ಷಗಳಲ್ಲಿ ಸುಮಾರು 200 ಕೋಟಿ ಡಾಲರಿಗೆ ಮುಟ್ಟಿದೆ.

2006ರಲ್ಲಿ ‘ಫಾಯ್ ರಾವಾ’ ಎಂಬ ಉಳಿತಾಯದ ಏರ್ಪಾಡು ಮಾಡಿದರು. ಸದಸ್ಯ ಒಂದಿಷ್ಟು ಕಟ್ಟಿದರೆ ಬುಡಕಟ್ಟು ತನ್ನ ಕಡೆಯಿಂದ ಸೇರಿಸುತ್ತದೆ. ಆ ಹಣ ತೆಗೆಯುವುದು ಮುಖ್ಯವಾಗಿ ಮೇಲ್ತರಗತಿಯ ಓದಿಗೆ, ಮೊದಲ ಮನೆಗೆ, ಮುಪ್ಪಿಗೆ. ಒಳ್ಳೆಯದೇ. ಆದರೆ ಕಟ್ಟುವುದಕ್ಕೆ ಕೈಯಲ್ಲಿ ಕಾಸಿಲ್ಲದವನ ಗತಿಯೇನು ಎಂಬ ಪ್ರಶ್ನೆ ನಮಗೆ ಬರುತ್ತದೆ. ಉಳಿಸಬಲ್ಲವನಿಗೆ ಸೇರಿಸಿಕೊಡುವ ಏರ್ಪಾಡು ಉಳಿಸಲಾರದವನನ್ನು ಬಾಗಿಲ ಹೊರಗೇ ಬಿಡುತ್ತದೆ. ಸಹಕಾರ ಸಂಘಗಳಲ್ಲಿ ನಾವು ಇದನ್ನು ಕಣ್ಣಾರೆ ಕಂಡಿದ್ದೇವೆ.

ಇಲ್ಲಿಂದ ಮುಂದೆ ನಮ್ಮ ತಕರಾರು. ಬಂಡವಾಳಕ್ಕೆ ಒಂದು ಸ್ವಭಾವವಿದೆ. ಯಾರ ಕೈಯಲ್ಲಿದ್ದರೂ ಅದು ತನ್ನ ಸ್ವಭಾವ ತೋರಿಸಲು ನೋಡುತ್ತದೆ. ಕ್ರೈಸ್ಟ್‌ಚರ್ಚ್ ನಗರದ ಉತ್ತರಕ್ಕಿರುವ ಐರ್‌ವೆಲ್ ಕಾಡು ಬುಡಕಟ್ಟಿಗೆ ಬಂದ ಮೇಲೆ ಪೈನ್ ಮರ ಕಡಿದು, ನೀರು ಹಾಯಿಸಿ, ಹಾಲಿನ ಹಸುಗಳ ಫಾರಂ ಮಾಡಿದರು. ಹಾಲಿಗೆ ಬೆಲೆಯಿತ್ತು, ಲೆಕ್ಕ ಸರಿಬಂತು. ಆದರೆ ಆ ಬಯಲು ಜರಡಿಯಂಥ ಕಲ್ಲುನೆಲ. ಹಸುವಿನ ಗಂಜಲ, ಹಾಕಿದ ಗೊಬ್ಬರ ಅದರಲ್ಲಿ ಇಳಿದು ಅಂತರ್ಜಲ ಸೇರುತ್ತದೆ. ಆ ನೀರೇ ಮುಂದೆ ಹಾವುಮೀನಿನ ತೊರೆಗಳಿಗೆ ಬರುತ್ತದೆ. ಇದೇ ಬುಡಕಟ್ಟು 2020ರಲ್ಲಿ ‘ನಮ್ಮ ಹೊಳೆ ತೊರೆಗಳನ್ನು ಸರಕಾರ ಹಾಳುಗೆಡವಿದೆ, ಅವುಗಳ ಮೇಲೆ ನಮಗೂ ಅಧಿಕಾರವಿದೆ’ ಎಂದು ಹೈಕೋರ್ಟಿನಲ್ಲಿ ದಾವೆ ಹೂಡಿತು. ದಾವೆ ನ್ಯಾಯವಾದದ್ದು, ನಮ್ಮ ಬೆಂಬಲವಿದೆ. ಅದರಲ್ಲಿ ಗೆಲ್ಲಬೇಕಾದರೆ ಸ್ವಂತ ಹಟ್ಟಿಯ ಗಂಜಲದ ಲೆಕ್ಕವನ್ನೂ ಎದುರಿಗೆ ಇಡಬೇಕಾಗುತ್ತದೆ. ಅವರೊಳಗೇ ಈ ಮಾತು ಎದ್ದಿದೆ, ಹಸುಗಳ ಫಾರಂಗಳನ್ನು ಮೊದಲು ಎಣಿಸಿದಷ್ಟು ಹೆಚ್ಚಿಸಲೂ ಇಲ್ಲ. ಅದು ಒಳ್ಳೆಯ ಲಕ್ಷಣ.

ಇನ್ನೊಂದು, ನಮ್ಮ ಓದುಗರಿಗೆ ಹೆಚ್ಚು ಹತ್ತಿರದ್ದು. 2020ರಲ್ಲಿ ಕೊರೋನಾ ಬಂದು ಗಡಿ ಮುಚ್ಚಿತು, ಪ್ರವಾಸಿಗರು ನಿಂತರು. ಬುಡಕಟ್ಟಿನ ಪ್ರವಾಸ ಕಂಪೆನಿ ತನ್ನ ದೋಣಿ, ನದಿಯಾಟಗಳನ್ನೆಲ್ಲ ನಿಲ್ಲಿಸಿ ನೂರಾರು ಕೆಲಸಗಾರರನ್ನು ಕಳುಹಿಸಬೇಕಾಯಿತು. ನಷ್ಟವನ್ನು ಯಾರೂ ಊಹಿಸಿರಲಿಲ್ಲ, ಒಪ್ಪುತ್ತೇವೆ. ಬಂಡವಾಳ ಉಳಿಯಿತು, ಮತ್ತೆ ಬೆಳೆಯಿತು. ಕೆಲಸ ಕಳೆದುಕೊಂಡವರು ಬೇರೆ ಯಾವ ಕಂಪೆನಿಯಲ್ಲಿದ್ದರೂ ಅನುಭವಿಸುತ್ತಿದ್ದುದನ್ನೇ ಅನುಭವಿಸಿದರು. ಇಡೀ ಯೋಜನೆ ಮಕ್ಕಳು ಮೊಮ್ಮಕ್ಕಳ ಹೆಸರಿನಲ್ಲಿ ನಡೆಯುತ್ತಿರುವಾಗ, ಇಂದಿನ ಪಾಳಿಯಲ್ಲಿ ದುಡಿಯುವವನಿಗೆ ಅದರಲ್ಲಿ ಯಾವ ಜಾಗ? ಸದಸ್ಯನಾಗಿ ಅವನು ಒಡೆಯ, ಕೆಲಸಗಾರನಾಗಿ ಆಳು. ಸದಸ್ಯನಲ್ಲದ ಕೆಲಸಗಾರನಂತೂ ಆಳು ಮಾತ್ರ.

ಇಷ್ಟು ಹೇಳಿದೆವೆಂದು, ‘ಮಾವೋರಿಗಳಿಗೆ ವಿಶೇಷ ಸವಲತ್ತು ಏಕೆ’ ಎಂದು ಅರಚುವವರ ಸಾಲಿನಲ್ಲಿ ನಮ್ಮನ್ನು ಯಾರೂ ನಿಲ್ಲಿಸಬೇಕಾಗಿಲ್ಲ. ಆ ಕೂಗು ಈಚೆಗೆ ಅಲ್ಲಿ ಜೋರಾಗಿದೆ. ವೈಟಾಂಗಿ ಒಪ್ಪಂದದ ತತ್ತ್ವಗಳಿಗೆ ಹೊಸ ಅರ್ಥ ಕಟ್ಟುವ ಮಸೂದೆಯೊಂದು ಪಾರ್ಲಿಮೆಂಟಿನ ಮುಂದೆ ಬಂತು. 2024ರ ನವೆಂಬರಿನಲ್ಲಿ ಹತ್ತಾರು ಸಾವಿರ ಜನ ರಾಜಧಾನಿ ವೆಲಿಂಗ್ಟನಿಗೆ ಮೆರವಣಿಗೆಯಲ್ಲಿ ಬಂದರು. 2025ರ ಏಪ್ರಿಲಿನಲ್ಲಿ ಮಸೂದೆ 11ಕ್ಕೆ 112 ಮತಗಳಿಂದ ಬಿದ್ದುಹೋಯಿತು. ಕದ್ದ ಮಾಲಿನ ಒಂದು ಚೂರು ಮರಳಿಸುವುದನ್ನು ಸವಲತ್ತು ಎನ್ನುವವರ ಜೊತೆ ನಮಗೆ ಮಾತಿಲ್ಲ. ನಮ್ಮ ಮಾತು ಬುಡಕಟ್ಟಿನ ಮುಖಂಡರ ಜೊತೆ, ಜೊತೆಗಾರರಾಗಿ ಆಡುವ ಮಾತು.

2025 ಕಳೆದಿದೆ. ಆ ಯೋಜನೆಯ ಅವಧಿ ಮುಗಿದಿದೆ. ಮುಂದಿನ ಇಪ್ಪತ್ತೈದು ವರ್ಷದ ಲೆಕ್ಕ ಬರೆಯಲು ಕುಳಿತಾಗ ಮೇಜಿನ ಸುತ್ತ ಹದಿನೆಂಟು ಊರ ಸಭೆಗಳ ಪ್ರತಿನಿಧಿಗಳು ಇರುತ್ತಾರೆ, ಹಣಕಾಸು ಬಲ್ಲವರು ಇರುತ್ತಾರೆ. ಹಾಲು ಕರೆಯುವವನಿಗೆ, ದೋಣಿ ನಡೆಸುವವಳಿಗೆ, ಮೀನು ಕತ್ತರಿಸುವವನಿಗೆ, ಅವರು ಬುಡಕಟ್ಟಿನವರಾಗಿರಲಿ ಆಗದಿರಲಿ, ಆಡಳಿತ ಮಂಡಳಿಯಲ್ಲಿ ಮತವಿರುವ ಕುರ್ಚಿ ಹಾಕಿಸಲಿ. ಉಳಿತಾಯಕ್ಕೆ ಕಾಸಿಲ್ಲದ ಮನೆಯ ಮಗುವಿನ ಹೆಸರಿನಲ್ಲಿ ಮೊದಲ ಕಂತನ್ನು ಬುಡಕಟ್ಟೇ ಕಟ್ಟಲಿ. ಐರ್‌ವೆಲ್ ಬಯಲಿನ ಕೆಳಗಿನ ತೊರೆಗಳ ನೀರನ್ನು ವರ್ಷವರ್ಷವೂ ಪರೀಕ್ಷೆ ಮಾಡಿಸಿ, ಲಾಭದ ಅಂಕಿಯ ಪಕ್ಕದಲ್ಲೇ ಆ ಅಂಕಿಯನ್ನೂ ಅಚ್ಚು ಹಾಕಿಸಲಿ.